ಚಂದ್ರನ ಮೇಲೆ ನೆಲೆ: ರಾಕೆಟ್ ಸಿಕ್ಕೀತು, ರಾತ್ರಿ ಕಳೆಯುವುದು ಹೇಗೆ?

2023ರ ಸೆಪ್ಟೆಂಬರ್ 4ರಂದು ಇಸ್ರೋ ಚಂದ್ರನ ಮೇಲಿದ್ದ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರನ್ನು ಮಲಗಿಸಿತು. ಪ್ರಜ್ಞಾನ್ ರೋವರ್ ಎರಡು ದಿನ ಮೊದಲೇ ಮಲಗಿತ್ತು. ರೋವರ್‌ನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿತ್ತು. ಅದರ ಸೋಲಾರ್ ಫಲಕವನ್ನು ಮುಂದಿನ ಸೂರ್ಯೋದಯದ ಬೆಳಕು ಬೀಳುವ ಹಾಗೆ ತಿರುಗಿಸಿ ಇಟ್ಟಿದ್ದರು. ಸೆಪ್ಟೆಂಬರ್ 22ರಂದು ಇಸ್ರೋ ಎರಡನ್ನೂ ಎಬ್ಬಿಸಲು ನೋಡಿತು. ಎರಡೂ ಓಗೊಡಲಿಲ್ಲ.

ಇದನ್ನು ವೈಫಲ್ಯ ಅನ್ನುವ ಹಾಗಿಲ್ಲ. ಚಂದ್ರನ ಒಂದು ಹಗಲು ನಮ್ಮ ಸುಮಾರು 14 ದಿನ. ಅಷ್ಟು ದಿನದ ಕೆಲಸಕ್ಕೆ ಅಂತಲೇ ಅವನ್ನು ಕಟ್ಟಿದ್ದು, ಆ ಕೆಲಸ ಮುಗಿದಿತ್ತು. ಅವನ್ನು ಕೊಂದದ್ದು ಅಷ್ಟೇ ಉದ್ದದ ರಾತ್ರಿ. ಅಲ್ಲಿನ ಸಮಭಾಜಕ ವೃತ್ತದ ಹತ್ತಿರ ಹಗಲು 120 ಡಿಗ್ರಿ ಸೆಲ್ಸಿಯಸ್ ಮುಟ್ಟುವ ನೆಲ, ರಾತ್ರಿ ಮೈನಸ್ 130ಕ್ಕಿಂತ ಕೆಳಗೆ ಇಳಿಯುತ್ತದೆ. ಚಂದ್ರನ ಮೇಲೆ ಮನುಷ್ಯ ಖಾಯಂ ನೆಲೆ ಕಟ್ಟಬಹುದಾ ಅನ್ನುವ ಚರ್ಚೆ ಸಾಮಾನ್ಯವಾಗಿ ರಾಕೆಟ್‌ನಿಂದ ಶುರುವಾಗುತ್ತದೆ. ನನ್ನನ್ನು ಕೇಳಿದರೆ, ಈ ರಾತ್ರಿಯಿಂದಲೇ ಶುರು ಮಾಡಬೇಕು.

ಈ ಪ್ರಶ್ನೆ ಈಗ ಯಾಕೆ ಬಂತು ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. 1972ರ ಡಿಸೆಂಬರ್‌ನಲ್ಲಿ ಅಪೊಲೊ 17ರ ಯೂಜೀನ್ ಸರ್ನನ್ ಮತ್ತು ಹ್ಯಾರಿಸನ್ ಶ್ಮಿಟ್ ಅಲ್ಲಿ ಸುಮಾರು 75 ಗಂಟೆ ಇದ್ದರು. ಇವತ್ತಿಗೂ ಅದೇ ದಾಖಲೆ. ಒಟ್ಟು 12 ಜನ ಅಲ್ಲಿ ನಡೆದಿದ್ದಾರೆ, ಅಷ್ಟೂ ಜನ ಹಗಲಲ್ಲಿ ಇಳಿದು ಹಗಲಲ್ಲೇ ಹೊರಟವರು. ಈಗ ಚೀನಾ 2030ರ ಒಳಗೆ ತನ್ನವರನ್ನು ಇಳಿಸುತ್ತೇನೆ, ರಷ್ಯಾ ಜೊತೆ ಸೇರಿ 2035ರ ಹೊತ್ತಿಗೆ ಒಂದು ಪ್ರಾಥಮಿಕ ಸಂಶೋಧನಾ ನೆಲೆ ಕಟ್ಟುತ್ತೇನೆ ಅನ್ನುತ್ತಿದೆ. ಅಮೆರಿಕದ ಅಧ್ಯಕ್ಷರು 2025ರ ಡಿಸೆಂಬರ್‌ನಲ್ಲಿ ಸಹಿ ಹಾಕಿದ ಆದೇಶದಲ್ಲಿ 2028ಕ್ಕೆ ಮನುಷ್ಯರ ಇಳಿತ, 2030ಕ್ಕೆ ಖಾಯಂ ನೆಲೆಯ ಮೊದಲ ಭಾಗಗಳು ಅಂತ ಗುರಿ ಇದೆ. ನಮ್ಮ ಸರ್ಕಾರದ ಗುರಿ 2040ಕ್ಕೆ ಚಂದ್ರನ ಮೇಲೆ ಒಬ್ಬ ಭಾರತೀಯ. ಈ ವರ್ಷಗಳನ್ನು ತೀರಾ ನಂಬಬೇಡಿ. ಅಮೆರಿಕದ ಆರ್ಟೆಮಿಸ್ ಯೋಜನೆಯ ದಿನಾಂಕಗಳು ಎಷ್ಟು ಸಲ ಮುಂದಕ್ಕೆ ಹೋಗಿವೆ ಅಂದರೆ ಲೆಕ್ಕ ಇಡುವುದೇ ಕಷ್ಟ.

ಬರೀ ಬ್ಯಾಟರಿಯೇ 35 ಟನ್

ರಾತ್ರಿಯ ಸಮಸ್ಯೆಯನ್ನು ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ನಾಲ್ಕು ಜನರ ಪುಟ್ಟ ನೆಲೆ ಅಂದುಕೊಳ್ಳಿ. ಗಾಳಿ ಶುದ್ಧ ಮಾಡಬೇಕು, ನೀರು ಮರುಬಳಕೆ ಮಾಡಬೇಕು, ಒಳಗೆ ಬೆಚ್ಚಗಿರಬೇಕು, ಕಂಪ್ಯೂಟರ್ ಓಡಬೇಕು. ಸರಾಸರಿ 20 ಕಿಲೋವ್ಯಾಟ್ ಬೇಕು ಅಂತ ಇಟ್ಟುಕೊಳ್ಳೋಣ. ಇದು ನನ್ನ ಊಹೆ, ಆದರೆ ದುಂದು ಊಹೆ ಏನಲ್ಲ. ರಾತ್ರಿ ಸುಮಾರು 350 ಗಂಟೆ. ಅಂದರೆ 7,000 ಯೂನಿಟ್ ವಿದ್ಯುತ್ ಕೂಡಿಡಬೇಕು. ಒಂದು ಕಿಲೋ ಲಿಥಿಯಂ ಬ್ಯಾಟರಿ ಹಿಡಿಯುವುದು ಹೆಚ್ಚುಕಡಿಮೆ 0.2 ಯೂನಿಟ್. ಹಾಗಾದರೆ 35 ಟನ್ ಬ್ಯಾಟರಿ. ಇಂಧನ ಸೇರಿ ವಿಕ್ರಮ್ ಲ್ಯಾಂಡರ್ ಮತ್ತು ಪ್ರಜ್ಞಾನ್ ಎರಡರ ತೂಕ 1.75 ಟನ್ ಇತ್ತು. ಅಂಥ ಇಪ್ಪತ್ತನ್ನು ತೂಗಿದರೆ ಎಷ್ಟೋ ಅಷ್ಟು, ಬರೀ ರಾತ್ರಿಯ ಕರೆಂಟಿಗೆ.

ಅಮೆರಿಕದ ಆಸ್ಟ್ರೋಬೋಟಿಕ್ ಕಂಪನಿ ಚಂದ್ರನ ನೆಲಕ್ಕೆ ಒಂದು ಕಿಲೋ ಸಾಮಾನು ಮುಟ್ಟಿಸಲು 12 ಲಕ್ಷ ಡಾಲರ್ ದರ ಪ್ರಕಟಿಸಿತ್ತು. ನಮ್ಮ ದುಡ್ಡಲ್ಲಿ ಸುಮಾರು 10 ಕೋಟಿ ರೂಪಾಯಿ. ಆ ದರದಲ್ಲಿ 35 ಟನ್‌ಗೆ ಮೂರೂವರೆ ಲಕ್ಷ ಕೋಟಿ. ಕರ್ನಾಟಕ ಸರ್ಕಾರದ 2024-25ರ ಇಡೀ ಬಜೆಟ್ 3.71 ಲಕ್ಷ ಕೋಟಿ ಇತ್ತು! ಇದು ಸಣ್ಣ ಲ್ಯಾಂಡರ್‌ಗಳ ದರ, ದೊಡ್ಡ ರಾಕೆಟ್ ಬಂದರೆ ಬಹಳ ಕಡಿಮೆಯಾಗುತ್ತದೆ ಅನ್ನುವುದು ನಿಜ. ಹತ್ತರಲ್ಲಿ ಒಂದು ಪಾಲಿಗೆ ಇಳಿದರೂ 35,000 ಕೋಟಿ. ಅಷ್ಟು ಕೊಟ್ಟು ಬ್ಯಾಟರಿ ಹೊರುವುದಕ್ಕಿಂತ ಬೇರೆ ದಾರಿ ಹುಡುಕುವುದೇ ವಾಸಿ ಅಲ್ವಾ?

ದಾರಿ ಎರಡಿವೆ. ಒಂದು, ಅಣು ವಿದ್ಯುತ್. ಸಣ್ಣ ಯಂತ್ರವನ್ನು ಬೆಚ್ಚಗಿಡಲು ವಿಕಿರಣ ವಸ್ತುವಿನ ಶಾಖ ಸಾಕು. 1970ರಲ್ಲಿ ಇಳಿದ ಸೋವಿಯತ್ ಲೂನೊಖೋದ್ ರೋವರ್ ಹಾಗೇ ರಾತ್ರಿಗಳನ್ನು ದಾಟಿತು, ಚೀನಾದ ಚಾಂಗ್-ಇ ಯಂತ್ರಗಳೂ ಅಷ್ಟೇ. ಮನುಷ್ಯರ ನೆಲೆಗೆ ಮಾತ್ರ ಪೂರ್ಣ ಪ್ರಮಾಣದ ರಿಯಾಕ್ಟರೇ ಬೇಕು. ನಾಸಾ 2018ರಲ್ಲಿ ನೆವಾಡದ ಮರುಭೂಮಿಯಲ್ಲಿ ಒಂದು ಪುಟ್ಟ ರಿಯಾಕ್ಟರನ್ನು ಪರೀಕ್ಷಿಸಿತು, ಅದು ಕೆಲಸ ಮಾಡಿತು. 2025ರ ಆಗಸ್ಟ್‌ನಲ್ಲಿ ಬಂದ ನಾಸಾ ಆದೇಶ 100 ಕಿಲೋವ್ಯಾಟ್‌ನ ರಿಯಾಕ್ಟರನ್ನು 2030ರ ಹೊತ್ತಿಗೆ ಸಿದ್ಧ ಮಾಡಿ ಅನ್ನುತ್ತದೆ. ಅಷ್ಟು ಬೇಗ ಆಗುತ್ತೆ ಅಂತ ನನಗೆ ಅನ್ನಿಸುವುದಿಲ್ಲ. ಅಲ್ಲಿ ಗಾಳಿಯೂ ಇಲ್ಲ, ಹೊಳೆಯೂ ಇಲ್ಲ. ಉಳಿದ ಶಾಖವನ್ನು ದೊಡ್ಡ ದೊಡ್ಡ ಫಲಕಗಳಿಂದ ಬಾಹ್ಯಾಕಾಶಕ್ಕೆ ಸೂಸಿಯೇ ಕಳೆಯಬೇಕು. ಆ ಫಲಕಗಳ ಮೇಲೆ ಧೂಳು ಕೂರದ ಹಾಗೆಯೂ ನೋಡಿಕೊಳ್ಳಬೇಕು.

ಎರಡನೆಯ ದಾರಿ, ರಾತ್ರಿಯೇ ಕಡಿಮೆ ಇರುವ ಜಾಗಕ್ಕೆ ಹೋಗುವುದು. ಎಲ್ಲರೂ ದಕ್ಷಿಣ ಧ್ರುವ, ದಕ್ಷಿಣ ಧ್ರುವ ಅನ್ನುವುದು ಇದಕ್ಕೇ. ಚಂದ್ರನ ಅಕ್ಷ ಓರೆಯಾಗಿರುವುದು ಒಂದೂವರೆ ಡಿಗ್ರಿ ಮಾತ್ರ. ಹಾಗಾಗಿ ಧ್ರುವದಲ್ಲಿ ಸೂರ್ಯ ದಿಗಂತದ ಅಂಚಲ್ಲೇ ಸುತ್ತು ಹೊಡೆಯುತ್ತಿರುತ್ತಾನೆ. ಶ್ಯಾಕಲ್ಟನ್ ಅನ್ನುವ ಕುಳಿ 21 ಕಿಲೋಮೀಟರ್ ಅಗಲ, 4 ಕಿಲೋಮೀಟರ್ ಆಳ. ಅದರ ಅಂಚಿನ ಕೆಲವು ಎತ್ತರದ ಜಾಗಗಳಲ್ಲಿ ವರ್ಷದ ಶೇ 80ಕ್ಕೂ ಹೆಚ್ಚು ಹೊತ್ತು ಬಿಸಿಲಿರುತ್ತದೆ. ಕತ್ತಲೆ ಬಂದರೂ ಕೆಲವು ದಿನ ಅಷ್ಟೇ. ಸೋಲಾರ್ ಫಲಕಗಳನ್ನು ಮಲಗಿಸುವ ಬದಲು ಕಂಬದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಆಯಿತು. ಆದರೆ ಇಂಥ ಜಾಗಗಳು ಬೆರಳೆಣಿಕೆಯಷ್ಟು, ಒಂದೊಂದೂ ಕಿರಿದು. ಚೀನಾ ಗುರುತು ಹಾಕಿಕೊಂಡ ಜಾಗ, ಅಮೆರಿಕ ಗುರುತು ಹಾಕಿಕೊಂಡ ಜಾಗ ಒಂದೇ ಸುತ್ತಿನಲ್ಲಿವೆ. ಇದರ ತಂಟೆ ಏನು ಅಂತ ಆಮೇಲೆ ಹೇಳುತ್ತೇನೆ.

ಇದೆ ಅಂತ ಗೊತ್ತು, ಕೈಗೆ ಸಿಕ್ಕಿಲ್ಲ

ದಕ್ಷಿಣ ಧ್ರುವಕ್ಕೆ ಹೋಗಲು ಇನ್ನೊಂದು ಕಾರಣ ನೀರು. ಅಲ್ಲಿನ ಕುಳಿಗಳ ತಳಕ್ಕೆ ನೂರಾರು ಕೋಟಿ ವರ್ಷದಿಂದ ಬಿಸಿಲು ಬಿದ್ದಿಲ್ಲ. ಮೈನಸ್ 200 ಡಿಗ್ರಿಗಿಂತಲೂ ತಣ್ಣಗಿವೆ. ಧೂಮಕೇತುಗಳು ತಂದ ನೀರು ಅಲ್ಲಿ ಹೆಪ್ಪುಗಟ್ಟಿ ಕೂತಿರಬಹುದು ಅನ್ನುವುದು ಹಳೇ ಊಹೆ. ಅದಕ್ಕೆ ಬಲ ಕೊಟ್ಟದ್ದು ನಮ್ಮ ಚಂದ್ರಯಾನ-1. 2008ರಲ್ಲಿ ಹೊರಟ ಆ ನೌಕೆಯಲ್ಲಿದ್ದ ನಾಸಾದ ಉಪಕರಣ ಚಂದ್ರನ ಮಣ್ಣಿನಲ್ಲಿ ನೀರಿನ ಗುರುತು ಕಂಡಿತು, 2009ರ ಸೆಪ್ಟೆಂಬರ್‌ನಲ್ಲಿ ಸುದ್ದಿ ಹೊರಬಿತ್ತು. ಮುಂದಿನ ತಿಂಗಳೇ ನಾಸಾ ಕ್ಯಾಬಿಯಸ್ ಅನ್ನುವ ಕತ್ತಲ ಕುಳಿಗೆ ಒಂದು ಖಾಲಿ ರಾಕೆಟ್ ಹಂತವನ್ನು ಗುದ್ದಿಸಿತು. ಎದ್ದ ಧೂಳಿನಲ್ಲಿ ತೂಕದ ಶೇ 5.6ರಷ್ಟು ನೀರಿತ್ತು ಅಂತ ಅಂದಾಜು. ಹೆಚ್ಚುಕಡಿಮೆ ಆಗುವ ಅಂತರವೇ ಶೇ 2.9.

ಅಷ್ಟೇ. ಅದಾದ ಮೇಲೆ ಯಾರೂ ಆ ಮಂಜನ್ನು ಮುಟ್ಟಿ ನೋಡಿಲ್ಲ.

ಯೋಚನೆ ಮಾಡಿ: ಟನ್ ಮಣ್ಣಿಗೆ 56 ಲೀಟರ್ ನೀರು ಅಂದರೆ ಒಳ್ಳೆಯ ಗಣಿಯೇ. ಆದರೆ ಅದು ಗಟ್ಟಿ ಪದರವಾಗಿದೆಯೋ, ಮಣ್ಣಿನ ಕಣಗಳ ನಡುವೆ ಚದುರಿದೆಯೋ, ಒಂದು ಮೀಟರ್ ಕೆಳಗೋ, ಹತ್ತು ಮೀಟರ್ ಕೆಳಗೋ? ಈ ಉತ್ತರದ ಮೇಲೆ ಇಡೀ ಯೋಜನೆ ನಿಂತಿದೆ. ನೀರು ಸಿಕ್ಕರೆ ಕುಡಿಯಲಿಕ್ಕೂ ಆಯಿತು, ಒಡೆದರೆ ಉಸಿರಾಡಲು ಆಮ್ಲಜನಕವೂ ಆಯಿತು, ಜಲಜನಕದ ಜೊತೆ ಸೇರಿಸಿದರೆ ರಾಕೆಟ್ ಇಂಧನವೂ ಆಯಿತು. ಸಿಗದಿದ್ದರೆ ಪ್ರತಿ ಲೀಟರೂ ಭೂಮಿಯಿಂದ. ಬೋರ್‌ವೆಲ್ ಪಾಯಿಂಟ್ ನೋಡಿಸುವ ಮೊದಲೇ ಮೂರು ಮಹಡಿಯ ಪ್ಲಾನ್‌ಗೆ ಸಹಿ ಹಾಕಿದ ಹಾಗಿದೆ ಈಗಿನ ಪರಿಸ್ಥಿತಿ.

ಪಾಯಿಂಟ್ ನೋಡುವ ಪ್ರಯತ್ನಗಳೂ ಯಾಕೋ ಕೈಗೂಡುತ್ತಿಲ್ಲ. ರಷ್ಯಾದ ಲೂನಾ-25 ಧ್ರುವದ ಕಡೆ ಹೊರಟು 2023ರ ಆಗಸ್ಟ್ 19ರಂದು ಅಪ್ಪಳಿಸಿತು, ನಮ್ಮ ವಿಕ್ರಮ್ ಇಳಿಯುವ ನಾಲ್ಕು ದಿನ ಮೊದಲು. ನೀರು ಹುಡುಕಲೆಂದೇ ನಾಸಾ ಕಟ್ಟಿದ ವೈಪರ್ ರೋವರ್‌ಗೆ ಸುಮಾರು 45 ಕೋಟಿ ಡಾಲರ್ ಖರ್ಚಾಗಿತ್ತು. 2024ರಲ್ಲಿ ಅದನ್ನು ಕೈಬಿಟ್ಟರು, ಮರುವರ್ಷ ಮತ್ತೆ ಕೈಗೆತ್ತಿಕೊಂಡರು. 2025ರ ಮಾರ್ಚ್‌ನಲ್ಲಿ ಕೊರೆಯುವ ಯಂತ್ರ ಹೊತ್ತು ಹೋದ ಅಥೀನಾ ಲ್ಯಾಂಡರ್ ಒಂದು ಸಣ್ಣ ಕುಳಿಯೊಳಗೆ ಪಕ್ಕಕ್ಕೆ ಉರುಳಿತು. ಡ್ರಿಲ್ ಅಲುಗಾಡಿಸಿ ತೋರಿಸಿದ್ದಷ್ಟೇ ಬಂತು, ನೆಲ ಕೊರೆಯಲಿಲ್ಲ.

ಸಿಕ್ಕರೂ ಗಣಿಗಾರಿಕೆ ಸುಲಭ ಅಂದುಕೊಳ್ಳಬೇಡಿ. ಅಷ್ಟು ತಣ್ಣಗಿನ ಮಂಜು ಬಂಡೆಯಷ್ಟು ಗಟ್ಟಿ. ಯಂತ್ರದ ಗ್ರೀಸ್ ಹೆಪ್ಪುಗಟ್ಟುತ್ತದೆ, ಕೆಲವು ಲೋಹಗಳು ಗಾಜಿನ ಹಾಗೆ ಒಡೆಯುತ್ತವೆ. ಕುಳಿಯ ತಳದಲ್ಲಿ ಬಿಸಿಲಿಲ್ಲ, ಹಾಗಾಗಿ ಸೋಲಾರ್ ಕೆಲಸಕ್ಕೆ ಬರುವುದಿಲ್ಲ. ಮೇಲಿನ ಅಂಚಿಂದ ಕಿಲೋಮೀಟರ್‌ಗಟ್ಟಲೆ ಕೇಬಲ್ ಎಳೆಯಬೇಕು. ನೀರು ಇರುವ ಕಡೆ ಬೆಳಕಿಲ್ಲ, ಬೆಳಕಿರುವ ಕಡೆ ನೀರಿಲ್ಲ.

ಆಮ್ಲಜನಕಕ್ಕೆ ಮಾತ್ರ ಇನ್ನೊಂದು ಮೂಲ ಇದೆ. ಚಂದ್ರನ ಮಣ್ಣಿನ ತೂಕದಲ್ಲಿ ಶೇ 40ಕ್ಕೂ ಹೆಚ್ಚು ಆಮ್ಲಜನಕವೇ, ಖನಿಜಗಳಲ್ಲಿ ಕಟ್ಟಿಹಾಕಿಕೊಂಡಿದೆ. ಬಿಡಿಸಲು ವಿಪರೀತ ಶಾಖ ಬೇಕು. ಭೂಮಿಯ ಪ್ರಯೋಗಾಲಯಗಳಲ್ಲಿ ಆಗಿದೆ, ಅಲ್ಲಿ ಇನ್ನೂ ಯಾರೂ ಮಾಡಿಲ್ಲ. ಮತ್ತೆ ಸುತ್ತಿಬಳಸಿ ವಿದ್ಯುತ್ತಿಗೇ ಬಂದೆವು ನೋಡಿ.

ಮನೆ ಅಂದರೆ ಮಣ್ಣಿನಡಿಯ ಮನೆ

ಚಿತ್ರಗಳಲ್ಲಿ ಗಾಜಿನ ಗುಮ್ಮಟ ತೋರಿಸುತ್ತಾರೆ. ಅಂಥದ್ದು ಆಗುವುದಿಲ್ಲ. ಚಂದ್ರನಿಗೆ ಗಾಳಿಯ ಹೊದಿಕೆಯಾಗಲಿ, ಭೂಮಿಯಂಥ ಕಾಂತಕ್ಷೇತ್ರವಾಗಲಿ ಇಲ್ಲ. ಚೀನಾದ ಚಾಂಗ್-ಇ 4 ಅಲ್ಲಿನ ವಿಕಿರಣ ಅಳೆದಿದೆ: ದಿನಕ್ಕೆ ಸುಮಾರು 1.37 ಮಿಲಿಸೀವರ್ಟ್, ಅಂದರೆ ಬಾಹ್ಯಾಕಾಶ ನಿಲ್ದಾಣದಲ್ಲಿ ಸಿಗುವುದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ವರ್ಷಕ್ಕೆ 500 ಆಯಿತು. ನಾಸಾ ಒಬ್ಬ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಹಾಕಿರುವ ಮಿತಿ 600. ಅಂದರೆ ರಕ್ಷಣೆ ಇಲ್ಲದೆ ಇದ್ದರೆ ಹದಿನಾಲ್ಕು ತಿಂಗಳಲ್ಲಿ ಕೋಟಾ ಮುಗಿಯಿತು. ಸೌರ ಬಿರುಗಾಳಿ ಬಂದರೆ ಕಥೆಯೇ ಬೇರೆ. 1972ರ ಆಗಸ್ಟ್‌ನಲ್ಲಿ ಭಾರೀ ಬಿರುಗಾಳಿ ಬಂದಿತ್ತು. ಅಪೊಲೊ 16 ಏಪ್ರಿಲ್‌ನಲ್ಲಿ ಹೋಗಿ ಬಂದಿತ್ತು, 17 ಹೊರಟದ್ದು ಡಿಸೆಂಬರ್‌ನಲ್ಲಿ. ನಡುವೆ ಬಿದ್ದದ್ದು ಬರೀ ಅದೃಷ್ಟ.

ಹಾಗಾಗಿ ಎರಡು ಮೂರು ಮೀಟರ್ ಮಣ್ಣು ಮೇಲೆ ಹೊದಿಸಿಕೊಳ್ಳಬೇಕು, ಇಲ್ಲವೇ ಗುಹೆ ಹುಡುಕಬೇಕು. ಹಳೇ ಲಾವಾ ಹರಿದು ಖಾಲಿಯಾದ ಸುರಂಗಗಳು ಚಂದ್ರನಲ್ಲಿವೆ. ಚಂದ್ರಯಾನ-1ರ ಕ್ಯಾಮೆರಾ ಚಿತ್ರಗಳಲ್ಲಿ ಇಸ್ರೋದ ಅಹಮದಾಬಾದ್ ಕೇಂದ್ರದವರು ಅಂಥದ್ದೊಂದನ್ನು ಗುರುತಿಸಿ, ಮನುಷ್ಯರ ವಾಸಕ್ಕೆ ಆಗಬಹುದು ಅಂತ 2011ರಲ್ಲೇ ಬರೆದಿದ್ದರು. ಚಂದ್ರನ ಪ್ರಶಾಂತ ಸಾಗರ ಅನ್ನುವ ಬಯಲಿನ ಒಂದು ಬಾವಿಯಂಥ ಗುಂಡಿಯ ತಳದಿಂದ ಗುಹೆ ಒಳಕ್ಕೆ ಹೋಗಿದೆ ಅಂತ 2024ರಲ್ಲಿ ಇಟಲಿಯ ವಿಜ್ಞಾನಿಗಳು ರೇಡಾರ್ ಲೆಕ್ಕದಿಂದ ತೋರಿಸಿದರು. ಅಂಥ ಗುಂಡಿಗಳ ನೆರಳಲ್ಲಿ ಉಷ್ಣತೆ ಹಗಲೂ ರಾತ್ರಿ 17 ಡಿಗ್ರಿ ಆಸುಪಾಸಿನಲ್ಲಿರುತ್ತದೆ ಅನ್ನುವ ಅಂದಾಜೂ ಇದೆ. ಮೈಸೂರಿನ ಡಿಸೆಂಬರ್ ಬೆಳಗ್ಗೆ! ಕಷ್ಟ ಏನೆಂದರೆ ಈ ಗುಹೆ ಇರುವುದು ಧ್ರುವದಿಂದ ದೂರ. ನೀರು ಅಲ್ಲಿ, ಮನೆ ಇಲ್ಲಿ. ಈಗಿನ ಯೋಜನೆಗಳೆಲ್ಲ ಧ್ರುವವನ್ನೇ ಆರಿಸಿಕೊಂಡಿವೆ, ಅಂದರೆ ಮಣ್ಣು ಹೊರುವುದೇ ಗತಿ.

ಆ ಮಣ್ಣೂ ಸಾಮಾನ್ಯದ್ದಲ್ಲ. ಗಾಳಿ ನೀರು ತಾಗದೆ ಸವೆಯದ ಚೂಪು ಕಣಗಳು. ಅಪೊಲೊದವರ ಉಡುಪಿನ ಕೀಲುಗಳನ್ನು ಮೂರೇ ದಿನದಲ್ಲಿ ಕೆಡಿಸಿದ್ದವು. ಶ್ಮಿಟ್‌ಗೆ ಆ ಧೂಳಿನಿಂದ ಮೂಗು ಕಟ್ಟಿ ಸೀನು ಬಂದಿತ್ತು. ರಾಕೆಟ್ ಇಳಿಯುವಾಗ ಇದು ಗುಂಡಿನ ಹಾಗೆ ಹಾರುತ್ತದೆ. 1969ರಲ್ಲಿ ಅಪೊಲೊ 12 ಇಳಿದ ಜಾಗದಿಂದ ಸುಮಾರು 160 ಮೀಟರ್ ದೂರದಲ್ಲಿ ಹಳೆಯ ಸರ್ವೇಯರ್-3 ಯಂತ್ರ ನಿಂತಿತ್ತು. ಅದರ ಭಾಗಗಳನ್ನು ವಾಪಸು ತಂದು ನೋಡಿದರೆ ಮೈಯೆಲ್ಲ ಧೂಳು ಹೊಡೆದ ಗುರುತು. ನಮ್ಮ ವಿಕ್ರಮ್ ಸಣ್ಣದು, ಆದರೂ ಇಳಿಯುವಾಗ 2.06 ಟನ್ ಮಣ್ಣು ಎಬ್ಬಿಸಿತು ಅಂತ ಇಸ್ರೋ ಲೆಕ್ಕ ಹಾಕಿದೆ. ಹಾಗಾದರೆ ನೆಲೆಯ ಪಕ್ಕದಲ್ಲೇ ದೊಡ್ಡ ರಾಕೆಟ್ ಇಳಿಸಿದರೆ? ಮೊದಲು ಗಟ್ಟಿ ನೆಲದ ಇಳಿದಾಣ ಕಟ್ಟಬೇಕು. ಅದಕ್ಕೆ ಇಟ್ಟಿಗೆ ಬೇಕು.

ಇಟ್ಟಿಗೆಯ ವಿಚಾರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಕೆಲಸ ನನಗೆ ತುಂಬಾ ಇಷ್ಟ. ಚಂದ್ರನ ಮಣ್ಣನ್ನು ಹೋಲುವ ಪುಡಿ, ಒಂದು ಬಗೆಯ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಜಾತಿಯ ಗಿಡದ ಗೋಂದು. ಇಷ್ಟನ್ನು ಸೇರಿಸಿ ಇಸ್ರೋ ಜೊತೆಗೂಡಿ 2020ರಲ್ಲಿ ಅವರು ಇಟ್ಟಿಗೆ ಮಾಡಿದರು. ಯೂರಿಯಾ ಅಂದರೆ ಗಗನಯಾತ್ರಿಗಳ ಮೂತ್ರದಿಂದಲೇ ತೆಗೆಯಬಹುದು. 2025ರಲ್ಲಿ ಅದೇ ಬ್ಯಾಕ್ಟೀರಿಯಾದಿಂದ ಸುಟ್ಟ ಇಟ್ಟಿಗೆಯ ಬಿರುಕು ತುಂಬಿಸುವುದನ್ನೂ ತೋರಿಸಿದರು. ಇದೆಲ್ಲ ಆಗಿರುವುದು ಗಾಳಿ ಇರುವ ಪ್ರಯೋಗಾಲಯದಲ್ಲಿ ಅನ್ನುವುದನ್ನು ಮರೆಯಬಾರದು. ನಿರ್ವಾತದಲ್ಲಿ ಬ್ಯಾಕ್ಟೀರಿಯಾ ಬೆಳೆಯಲ್ಲ, ಅದಕ್ಕೊಂದು ಮುಚ್ಚಿದ ಕಾರ್ಖಾನೆ ಬೇಕು.

ಅಂಟಾರ್ಕ್ಟಿಕಾದ ಲೆಕ್ಕ

ಇಷ್ಟು ಓದಿದ ಮೇಲೆ ಆಗುವ ಮಾತಲ್ಲ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. "ಖಾಯಂ" ಅನ್ನುವುದನ್ನು ಹೇಗೆ ತಿಳಿಯುತ್ತೇವೆ ಅನ್ನುವುದರ ಮೇಲಿದೆ.

ಭೂಮಿಯ ದಕ್ಷಿಣ ಧ್ರುವವನ್ನು ಅಮುಂಡ್ಸೆನ್ 1911ರ ಡಿಸೆಂಬರ್‌ನಲ್ಲಿ, ಸ್ಕಾಟ್ 1912ರ ಜನವರಿಯಲ್ಲಿ ಮುಟ್ಟಿದರು. ಆಮೇಲೆ 44 ವರ್ಷ ಅಲ್ಲಿ ಯಾರೂ ಕಾಲಿಡಲಿಲ್ಲ. 1956ರಲ್ಲಿ ಅಮೆರಿಕದ ವಿಮಾನ ಇಳಿಯಿತು, ಠಾಣೆ ಕಟ್ಟಿದರು, ಅಂದಿನಿಂದ ಇವತ್ತಿನವರೆಗೆ ಅಲ್ಲಿ ಜನ ಇದ್ದೇ ಇದ್ದಾರೆ. ನಡುವೆ ಬದಲಾದದ್ದು ಮನುಷ್ಯರ ಧೈರ್ಯವೇನಲ್ಲ. ವಿಮಾನ ಬಂತು, ಶೀತಲ ಸಮರ ಬಂತು, ದುಡ್ಡು ಬಂತು. ಹಾಗಂತ ಆ ಠಾಣೆ ಸ್ವಾವಲಂಬಿಯಾ? ಇಲ್ಲ. ಇಂಧನ, ಆಹಾರ ಎಲ್ಲ ಹೊರಗಿಂದ. ನಮ್ಮ ಮೈತ್ರಿ, ಭಾರತಿ ಠಾಣೆಗಳಿಗೂ ಸಾಮಾನು ಹೊರಗಿಂದಲೇ, ಹೆಚ್ಚಾಗಿ ಹಡಗಲ್ಲಿ, ಹೋಗುತ್ತದೆ. ಠಾಣೆ ಖಾಯಂ, ಜನ ಬದಲಾಗುತ್ತಾರೆ. ಚಂದ್ರನ ಮೇಲೆ ಇಂಥ ನೆಲೆ ಸಾಧ್ಯ. ಮಕ್ಕಳು ಹುಟ್ಟಿ ಬೆಳೆಯುವ ಊರು ಈ ಶತಮಾನದಲ್ಲಿ ಸಾಧ್ಯ ಅಂತ ಹೇಳುವವರ ಹತ್ತಿರ ಆಧಾರ ಏನಿದೆ ಕೇಳಿ. ಆರನೇ ಒಂದು ಪಾಲು ಗುರುತ್ವದಲ್ಲಿ ಆ 75 ಗಂಟೆಗಿಂತ ಹೆಚ್ಚು ಇದ್ದ ಮನುಷ್ಯನೇ ಇಲ್ಲ. ತೂಕವೇ ಇಲ್ಲದ ನಿಲ್ದಾಣದಲ್ಲಿ ತಿಂಗಳಿಗೆ ಶೇ 1ರಿಂದ 1.5ರಷ್ಟು ಮೂಳೆ ಸವೆಯುತ್ತದೆ. ಚಂದ್ರನಲ್ಲಿ ಎಷ್ಟು ಸವೆಯುತ್ತದೆ ಅನ್ನುವುದು ಅಲ್ಲಿ ಇದ್ದೇ ತಿಳಿಯಬೇಕು.

ಸಾಮಾನಿನ ಲೆಕ್ಕವೂ ಅಷ್ಟೊಂದು ಭಯಂಕರವಲ್ಲ. ನಿಲ್ದಾಣದಲ್ಲಿ ಈಗ ಶೇ 98ರಷ್ಟು ನೀರು ಮರುಬಳಕೆಯಾಗುತ್ತದೆ. ಊಟಕ್ಕೆ ಪ್ಯಾಕಿಂಗ್ ಸೇರಿ ದಿನಕ್ಕೆ ತಲೆಗೆ 1.8 ಕಿಲೋ ಹಿಡಿದರೆ, ನಾಲ್ಕು ಜನಕ್ಕೆ ವರ್ಷಕ್ಕೆ ಎರಡೂಮುಕ್ಕಾಲು ಟನ್ ಒಳಗೆ. ಕಷ್ಟ ಇರುವುದು ದೊಡ್ಡ ಯಂತ್ರಗಳನ್ನು ಸಾಗಿಸುವುದರಲ್ಲಿ. ಈಗಿನ ಅಮೆರಿಕದ ಎಸ್‌ಎಲ್‌ಎಸ್ ರಾಕೆಟ್ ಮತ್ತು ಓರಿಯನ್ ನೌಕೆಯಲ್ಲಿ ಒಂದು ಪ್ರಯಾಣಕ್ಕೆ 410 ಕೋಟಿ ಡಾಲರ್ ಅಂತ ನಾಸಾದ್ದೇ ಲೆಕ್ಕ ತಪಾಸಕರು 2022ರಲ್ಲಿ ಹೇಳಿದರು. ಈ ದರದಲ್ಲಿ ನೆಲೆ ನಡೆಯಲ್ಲ, ಸುಮ್ನೆ ಧ್ವಜ ನೆಟ್ಟು ಬರಬಹುದು. ಸ್ಪೇಸ್‌ಎಕ್ಸ್‌ನ ಸ್ಟಾರ್‌ಶಿಪ್ ಅಗ್ಗವಾದೀತು ಅನ್ನುವ ನಿರೀಕ್ಷೆಯ ಮೇಲೇ ಎಲ್ಲ ನಿಂತಿದೆ. ಅದಕ್ಕೂ ಒಂದು ತೊಡಕು: ಚಂದ್ರನಿಗೆ ಹೊರಡುವ ಮೊದಲು ಭೂಮಿಯ ಸುತ್ತಲಿನ ಕಕ್ಷೆಯಲ್ಲೇ ಹತ್ತಕ್ಕೂ ಹೆಚ್ಚು ಟ್ಯಾಂಕರ್ ನೌಕೆಗಳಿಂದ ಇಂಧನ ತುಂಬಿಸಿಕೊಳ್ಳಬೇಕಾಗಬಹುದು.

ತಾಜಾ ತರಕಾರಿ ಆಸೆ ಬೇರೆ. 2022ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದವರು ಅಪೊಲೊ ತಂದ ನಿಜವಾದ ಮಣ್ಣಿನಲ್ಲಿ ಸಾಸಿವೆ ಜಾತಿಯ ಪುಟ್ಟ ಗಿಡ ಬೆಳೆಸಿದರು. ಬೆಳೆಯಿತು, ಆದರೆ ಸೊರಗಿತು. 2025ರಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರು. ಆ ಪ್ರಯೋಗ ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು. ಮೊಳಕೆಗೆ ಮಣ್ಣೂ ಬೇಡ, ಜಾಸ್ತಿ ಜಾಗವೂ ಬೇಡ. ನೆಲೆಯ ಮೊದಲ ದಶಕದ ಬೇಸಾಯ ಅಷ್ಟೇ ಇದ್ದೀತು.

ಈಗ ಆ ತಂಟೆಯ ವಿಷಯ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರನ ನೆಲ ಯಾವ ದೇಶದ್ದೂ ಅಲ್ಲ. ಅಮೆರಿಕ ಮುಂದಾಳುವಾದ ಆರ್ಟೆಮಿಸ್ ಒಪ್ಪಂದದಲ್ಲಿ "ಸುರಕ್ಷತಾ ವಲಯ" ಅನ್ನುವ ಮಾತಿದೆ: ನನ್ನ ಯಂತ್ರದ ಹತ್ತಿರ ಬರುವ ಮೊದಲು ತಿಳಿಸಿ ಬಾ ಅಂತ. ಧೂಳು ಹೇಗೆ ಹಾರುತ್ತದೆ ಅಂತ ನೋಡಿದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಬಿಸಿಲಿರುವ ದಿಬ್ಬಗಳೇ ಬೆರಳೆಣಿಕೆ ಇರುವಾಗ, ಒಂದರ ಮೇಲೆ ರಿಯಾಕ್ಟರ್ ಇಟ್ಟು ಸುತ್ತ ವಲಯ ಹಾಕಿಕೊಂಡವನು ಮಾಲೀಕನೇ ಆದ ಹಾಗಲ್ವಾ? 2025ರ ನಾಸಾ ಆದೇಶದಲ್ಲಿ ಈ ಆತಂಕ ಬಿಚ್ಚಿಯೇ ಹೇಳಿದ್ದರು, ಮೊದಲು ಹೋದ ದೇಶ ಉಳಿದವರನ್ನು ಹೊರಗಿಡಬಹುದು ಅಂತ. ಭಾರತ 2023ರ ಜೂನ್‌ನಲ್ಲಿ ಈ ಒಪ್ಪಂದಕ್ಕೆ ಸಹಿ ಹಾಕಿದೆ. ಚೀನಾ, ರಷ್ಯಾ ಹಾಕಿಲ್ಲ. ವಿಜ್ಞಾನದ ತುರ್ತಿಗಿಂತ ಈ ಪೈಪೋಟಿಯೇ ನೆಲೆಯನ್ನು ಕಟ್ಟಿಸುತ್ತದೆ ಅಂತ ನನಗನ್ನಿಸುತ್ತದೆ. ಅಂಟಾರ್ಕ್ಟಿಕಾದಲ್ಲೂ ಆದದ್ದು ಹೆಚ್ಚುಕಡಿಮೆ ಅದೇ.

ಇವೆಲ್ಲವನ್ನೂ ಕೂಡಿಸಿ ನನ್ನ ಅಂದಾಜು ಹೇಳುತ್ತೇನೆ. 2030ರ ದಶಕದಲ್ಲಿ ವಾರಗಟ್ಟಲೆ ಇದ್ದು ಬರುವ ಶಿಬಿರಗಳು ಆಗಬಹುದು. ರಿಯಾಕ್ಟರ್ ಬಂದು ಒಂದೆರಡು ರಾತ್ರಿ ಸಲೀಸಾಗಿ ದಾಟಿದ ಮೇಲೆ, 2040ರ ದಶಕದಲ್ಲಿ, ಪಾಳಿಯ ಮೇಲೆ ಜನ ಇರುವ ನೆಲೆ. ಅದೂ ನೀರಿನ ಉತ್ತರ ಸರಿಯಾಗಿ ಬಂದರೆ.

ಆ ಉತ್ತರ ತರಬೇಕಾದ ಯಂತ್ರಗಳು ಸಾಲಿನಲ್ಲಿವೆ. ಚೀನಾದ ಚಾಂಗ್-ಇ 7 ಕತ್ತಲ ಕುಳಿಯೊಳಕ್ಕೆ ಹಾರಿ ಇಳಿಯುವ ಪುಟ್ಟ ಯಂತ್ರವೊಂದನ್ನು ಒಯ್ಯಲಿದೆ. ವೈಪರ್ ಒಂದು ಮೀಟರ್ ಕೊರೆಯಬಲ್ಲದು. ಭಾರತ ಮತ್ತು ಜಪಾನ್ ಸೇರಿ ಮಾಡುತ್ತಿರುವ ಚಂದ್ರಯಾನ-5ರಲ್ಲಿ ಲ್ಯಾಂಡರ್ ಇಸ್ರೋದ್ದು, ರೋವರ್ ಜಪಾನಿನದು. ಆ ರೋವರ್ ಧ್ರುವದ ಹತ್ತಿರ ಒಂದೂವರೆ ಮೀಟರ್ ಆಳದ ಮಣ್ಣು ತೆಗೆದು, ಕಾಯಿಸಿ, ಅದರಲ್ಲಿ ನೀರೆಷ್ಟಿದೆ ಅಂತ ಅಳೆಯಬೇಕು. ಬರುವ ಸಂಖ್ಯೆ ಶೇ 5ರ ಹತ್ತಿರ ಇದ್ದರೆ ಗಣಿಯ ಮಾತಾಡಬಹುದು. ಶೇ 1ಕ್ಕಿಂತ ಕಡಿಮೆ ಇದ್ದರೆ ನೀರನ್ನೂ ಟ್ಯಾಂಕರ್‌ನಲ್ಲೇ ಒಯ್ಯಬೇಕು, ನೆಲೆಯ ಗಾತ್ರವೂ ಅಷ್ಟಕ್ಕೇ ನಿಲ್ಲುತ್ತದೆ.